ಬರಿಗಾಲು, ಕಬ್ಬಿಣದ ಪೆಟ್ಟಿಗೆ, ಮೂರನೇ ತಂತಿ

ಕಂಪ್ಯೂಟರ್ ಕೋಣೆಯ ಬಾಗಿಲಿಗೆ "ಪಾದರಕ್ಷೆಗಳನ್ನು ಹೊರಗೆ ಬಿಡಿ" ಎಂದು ಬರೆದು ಅಂಟಿಸುವ ಪದ್ಧತಿ ನಮ್ಮ ಶಾಲೆ, ಕಾಲೇಜು, ಕಚೇರಿಗಳಲ್ಲಿ ಹಳೆಯದು. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಅದಕ್ಕೆ ಕಾರಣವನ್ನು ಯಾರೂ ಕೇಳಬೇಕಾಗಿರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗೆ ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದವು. ತೋರಣಗಲ್ಲು, ಕುರೆಕುಪ್ಪದ ಸುತ್ತ ಗೋಡೆ, ಗಿಡದ ಎಲೆ, ಒಣಹಾಕಿದ ಬಟ್ಟೆ ಎಲ್ಲಕ್ಕೂ ಕೆಂಪು ಮೆತ್ತಿಕೊಳ್ಳುತ್ತಿತ್ತು. ಅದೇ ಧೂಳು ಚಪ್ಪಲಿಗೆ ಅಂಟಿ ಒಳಗೆ ಬರುತ್ತಿತ್ತು, ಫ್ಯಾನಿನ ಗಾಳಿಗೆ ಎದ್ದು ಕಂಪ್ಯೂಟರಿನ ಕ್ಯಾಬಿನೆಟ್ ಸೇರುತ್ತಿತ್ತು. ಚಪ್ಪಲಿ ಬಿಡಿಸಿದ್ದು ಇದಕ್ಕಾಗಿಯೇ.

ಆದರೆ ಧೂಳಿಗೆಂದು ಹುಟ್ಟಿದ ಆ ನಿಯಮ ಇನ್ನೂ ಎರಡು ಕೆಲಸಗಳನ್ನು ಸದ್ದಿಲ್ಲದೆ ಮಾಡಿತು. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು. ಸಿಮೆಂಟು ಅಥವಾ ಕಡಪ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಡೆದವರ ಮೈಯಲ್ಲಿ ಸ್ಥಾಯೀ ವಿದ್ಯುತ್ ನಿಲ್ಲುವುದಿಲ್ಲ. ಅದರಿಂದ ಕಂಪ್ಯೂಟರಿನೊಳಗಿನ ಚಿಪ್‌ಗಳು ಉಳಿದವು. ಆದರೆ ಕ್ಯಾಬಿನೆಟ್ಟಿಗೆ ಸರಿಯಾದ ಅರ್ಥಿಂಗ್ ಇಲ್ಲದ ಕಡೆ ಅದೇ ಬರಿಗಾಲು ಮನೆಯ ಕರೆಂಟಿಗೆ ದಾರಿಯಾಯಿತು. ಕಂಪ್ಯೂಟರ್ ಪೆಟ್ಟಿಗೆಗಳ ಕಥೆಯನ್ನು ಈ ಸೀಮೆಯಲ್ಲಿ ಹೇಳಹೊರಟರೆ ಅದು ನೆಲದ ಕಥೆಯಿಂದಲೇ ಶುರುವಾಗಬೇಕು.

ಸ್ಥಾಯೀ ವಿದ್ಯುತ್ತು ಬಳ್ಳಾರಿ ಸೀಮೆಗೆ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಚಳಿಗಾಲದ ಒಣ ರಾತ್ರಿಯಲ್ಲಿ ಉಣ್ಣೆಯ ಕಂಬಳಿಯನ್ನು ಕೊಡವಿದಾಗ ಕತ್ತಲಲ್ಲಿ ಚಟಚಟ ಎಂದು ಹಾರುವ ಸಣ್ಣ ಕಿಡಿಗಳನ್ನು ಕುರಿ ಸಾಕುವ ಮನೆಗಳು ಬಹಳ ಹಿಂದಿನಿಂದ ಬಲ್ಲವು. ಎರಡು ವಸ್ತುಗಳು ಉಜ್ಜಿ ಬೇರೆಯಾದಾಗ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ಹೋಗುತ್ತವೆ. ಗಾಳಿಯಲ್ಲಿ ತೇವ ಇದ್ದರೆ ಅವು ಮೆಲ್ಲಗೆ ಸೋರಿಹೋಗುತ್ತವೆ, ಇಲ್ಲದಿದ್ದರೆ ಅಲ್ಲೇ ಕೂಡಿಕೊಳ್ಳುತ್ತವೆ. ಇದು ಮಳೆ ನೆರಳಿನ ನಾಡು. ಬೇಸಿಗೆಯ ಮಧ್ಯಾಹ್ನ ಗಾಳಿಯ ತೇವ ತೀರಾ ಇಳಿದುಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಕೈಪಿಡಿಗಳಲ್ಲಿ ಹಲವು ದಶಕಗಳಿಂದ ಅಚ್ಚಾಗುತ್ತ ಬಂದ ಒಂದು ಪಟ್ಟಿ ಇದೆ. ಗಾಳಿಯ ತೇವ ಶೇ 10ರಿಂದ 20ರಷ್ಟಿದ್ದಾಗ ಕಾರ್ಪೆಟ್ ಮೇಲೆ ನಡೆದವರ ಮೈಯಲ್ಲಿ 35,000 ವೋಲ್ಟ್‌ವರೆಗೆ ಕೂಡಿಕೊಳ್ಳಬಹುದು. ತೇವ ಶೇ 65 ದಾಟಿದರೆ ಅದೇ ನಡಿಗೆಗೆ 1,500 ವೋಲ್ಟ್. ಚರ್ಮಕ್ಕೆ ಚುರುಕ್ ಎಂದು ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್‌ಗಳು ಹಾಳಾಗುವುದಕ್ಕೆ ನೂರಿನ್ನೂರು ವೋಲ್ಟ್ ಸಾಕು. ಹೀಗಾಗಿ ಮುಟ್ಟಿದವರಿಗೆ ಏನೂ ಗೊತ್ತಾಗದೆಯೇ ಚಿಪ್ ಸಾಯಬಹುದು. ಕೆಲವೊಮ್ಮೆ ಅದು ಅರ್ಧ ಗಾಯಗೊಂಡು, ತಿಂಗಳುಗಟ್ಟಲೆ ಕೆಲಸ ಮಾಡಿ ಆಮೇಲೆ ಕೈಕೊಡುತ್ತದೆ.

ವೋಲ್ಟೇಜ್ ಇಷ್ಟು ದೊಡ್ಡದಾದರೂ ಮನುಷ್ಯನಿಗೆ ಅಪಾಯವಿಲ್ಲ. ಲೆಕ್ಕಕ್ಕೆ ಮನುಷ್ಯನ ಮೈಯನ್ನು 100 ಪಿಕೋಫ್ಯಾರಡ್‌ನ ಕೆಪ್ಯಾಸಿಟರ್ ಎಂದು ಹಿಡಿಯುತ್ತಾರೆ. 3,000 ವೋಲ್ಟ್‌ಗೆ ಅದರಲ್ಲಿ ಕೂಡುವ ಶಕ್ತಿ ಒಂದು ಜೂಲ್‌ನ ಸಾವಿರದಲ್ಲೊಂದು ಭಾಗದ ಅರ್ಧದಷ್ಟೂ ಇರುವುದಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರವನ್ನು ತೂತು ಮಾಡಲು ಅಷ್ಟು ಸಾಕು, ಮನುಷ್ಯನಿಗೆ ಪೆಟ್ಟಾಗಲು ಸಾಲದು.

ಸ್ಥಾಯೀ ವಿದ್ಯುತ್ತಿನ ಕಿಡಿಯ ಅಪಾಯವನ್ನು ಕಂಪ್ಯೂಟರ್ ರಿಪೇರಿಯವರಿಗಿಂತ ಬಹಳ ಮೊದಲೇ ಗಂಭೀರವಾಗಿ ತೆಗೆದುಕೊಂಡವರು ಗಣಿಗಳವರು. ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ 1954ರಲ್ಲಿ ನೋಂದಣಿಯಾಯಿತು. ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ 1977ರಲ್ಲಿ ಶುರುವಾಯಿತು. ಬಂಡೆ ಒಡೆಯುವ ಕೆಲಸದಲ್ಲಿ ವಿದ್ಯುತ್ ಡಿಟೊನೇಟರ್ ಬಳಸುತ್ತಿದ್ದ ಕಡೆಯೆಲ್ಲ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಸಿಡಿಸುವ ಹೊತ್ತಿನವರೆಗೂ ಡಿಟೊನೇಟರಿನ ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ತಿರುವಿ ಸೇರಿಸಿಯೇ ಇಡಬೇಕಿತ್ತು. ಎರಡೂ ತುದಿ ಒಂದೇ ಮಟ್ಟದಲ್ಲಿದ್ದರೆ ಮೈಯಿಂದ ಹಾರುವ ಕಿಡಿಗೆ ಅದರೊಳಗೆ ಕರೆಂಟು ಹರಿಯುವುದಿಲ್ಲ. ಪೆಟ್ರೋಲ್ ಟ್ಯಾಂಕರಿನ ಹಿಂದೆ ನೆಲಕ್ಕೆ ತಾಗುವಂತೆ ನೇತುಬಿಡುತ್ತಿದ್ದ ಸರಪಳಿಯೂ ಇದೇ ತಿಳಿವಳಿಕೆಯದು. ಟೈರಿನ ರಬ್ಬರ್ ಟ್ಯಾಂಕರನ್ನು ನೆಲದಿಂದ ಬೇರೆ ಮಾಡಿದರೆ ಸರಪಳಿ ಮತ್ತೆ ಸೇರಿಸುತ್ತಿತ್ತು. ಕಂಪ್ಯೂಟರ್ ರಿಪೇರಿಯವರು ಮುಂದೆ ಕೈಗೆ ಕಟ್ಟಿಕೊಂಡ ಪಟ್ಟಿಯ ಉದ್ದೇಶವೂ ಇದೇ. ಆ ಪಟ್ಟಿಯ ತಂತಿಯಲ್ಲಿ ಬೇಕೆಂದೇ ಒಂದು ಮೆಗಾ ಓಂ ತಡೆ ಇಟ್ಟಿರುತ್ತಾರೆ. ಅಕಸ್ಮಾತ್ 230 ವೋಲ್ಟ್ ತಗುಲಿದರೂ ಮೈಯ ಮೂಲಕ ಕಾಲು ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯಬಾರದು ಎಂಬ ಎಚ್ಚರ ಅದು.

ನೆಲವನ್ನೇ ತಂತಿಯಾಗಿ ಬಳಸುವ ವಿದ್ಯೆ ಇನ್ನೂ ಹಳೆಯದು. ಟೆಲಿಗ್ರಾಫಿಗೆ ಹೋಗುವ ತಂತಿ ಒಂದು, ಬರುವ ತಂತಿ ಒಂದು ಬೇಕೆಂದು ಮೊದಲು ಎಲ್ಲರೂ ತಿಳಿದಿದ್ದರು. 1838ರಲ್ಲಿ ಜರ್ಮನಿಯ ಕಾರ್ಲ್ ಆಗಸ್ಟ್ ಸ್ಟೈನ್‌ಹೈಲ್ ಎರಡನೆಯ ತಂತಿಯನ್ನು ತೆಗೆದು, ಎರಡೂ ತುದಿಗಳಲ್ಲಿ ಲೋಹದ ತಗಡನ್ನು ಹೂತು, ಭೂಮಿಯೇ ಕರೆಂಟನ್ನು ಹಿಂದಕ್ಕೆ ಒಯ್ಯುತ್ತದೆ ಎಂದು ತೋರಿಸಿದ. ಜಗತ್ತಿನ ಟೆಲಿಗ್ರಾಫ್ ಖರ್ಚಿನಲ್ಲಿ ಅರ್ಧ ತಂತಿ ಉಳಿಯಿತು. ಬಳ್ಳಾರಿಯಿಂದ ಮೀಟರ್ ಗೇಜ್ ಹಳಿ 1884ರಲ್ಲಿ ಹೊಸಪೇಟೆ ಮುಟ್ಟಿತು. ಮನೆಗಳಿಗೆ ಬಲ್ಬು ಬರುವ ಎಷ್ಟೋ ಮೊದಲು, ರೈಲು ಹಳಿಯ ಪಕ್ಕದ ತಂತಿಗಳ ಜೊತೆ, ನೆಲದಲ್ಲಿ ಹೂತ ತಗಡಿನ ವಿದ್ಯೆಯೂ ಇಂಥ ಊರುಗಳಿಗೆ ಬಂತು.

ಮನೆಮನೆಗೆ ಕರೆಂಟು ಬಂದದ್ದು ತುಂಗಭದ್ರೆಯ ಕಾಲದಲ್ಲಿ. ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ಹೊಸಪೇಟೆ, ಸಂಡೂರುಗಳನ್ನು ಒಳಗೊಂಡ ಬಳ್ಳಾರಿ ಸೀಮೆ ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ ಅಕ್ಟೋಬರ್ 1ರಂದು. 1950ರ ದಶಕದ ಕೊನೆಯಿಂದ ಅಣೆಕಟ್ಟಿನ ಬುಡದಲ್ಲೂ ಹಂಪಿಯ ಕಾಲುವೆಯ ಮೇಲೂ ಟರ್ಬೈನುಗಳು ತಿರುಗತೊಡಗಿದವು. ಬಲದಂಡೆಯ ಈ ಎರಡು ವಿದ್ಯುದಾಗಾರಗಳ ಸಾಮರ್ಥ್ಯ ಒಟ್ಟು 72 ಮೆಗಾವ್ಯಾಟ್. ಇದೇ ಹೊತ್ತಿಗೆ ಅರ್ಥಿಂಗಿನ ಸ್ಪಷ್ಟ ನಿಯಮಗಳು ಬಂದವು. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 61ನೇ ನಿಯಮ ಅದಕ್ಕೇ ಮೀಸಲಾಗಿತ್ತು. 1966ರಲ್ಲಿ ಐಎಸ್ 3043 ಎಂಬ ಮಾನಕ ಬಂತು, ಅರ್ಥ್ ಗುಂಡಿಯನ್ನು ಹೇಗೆ ತೋಡಬೇಕು ಎಂಬುದನ್ನು ಅಳತೆ ಸಮೇತ ಬರೆಯಿತು.

ಆ ಗುಂಡಿಯನ್ನು ಹತ್ತಿರದಿಂದ ನೋಡಬೇಕು. ಕಟ್ಟಡದ ಗೋಡೆಯಿಂದ ತುಸು ದೂರದಲ್ಲಿ ತೇವದ ಮಣ್ಣು ಸಿಗುವವರೆಗೆ ಅಗೆಯುತ್ತಾರೆ. ತಗಡಾದರೆ ಕನಿಷ್ಠ 60 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ತಾಮ್ರವಾದರೆ 3.15 ಮಿಲಿಮೀಟರ್ ದಪ್ಪ, ಸತುವಿನ ಲೇಪದ ಕಬ್ಬಿಣವಾದರೆ 6.3 ಮಿಲಿಮೀಟರ್. ಅದನ್ನು ನೆಟ್ಟಗೆ ನಿಲ್ಲಿಸಿ, ಮೇಲಂಚು ನೆಲಮಟ್ಟದಿಂದ ಒಂದೂವರೆ ಮೀಟರ್ ಕೆಳಗಿರುವಂತೆ ಹೂಳಬೇಕು. ತಗಡಿನ ಬದಲು ಎರಡೂವರೆ ಮೀಟರಿನ ಪೈಪನ್ನೂ ಇಳಿಸುವುದುಂಟು, ಅದರ ಮೈತುಂಬ ತೂತುಗಳಿರುತ್ತವೆ. ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಆ ತೇವಕ್ಕೆ ಕರೆಂಟು ಹರಿಸುವ ಗುಣ ಕೊಡುತ್ತದೆ. ಪೈಪಿನ ಬಾಯಿಗೆ ಜಾಲರಿ ಹಾಕಿದ ಆಲಿಕೆ, ಅದರ ಮೇಲೆ ಸಿಮೆಂಟಿನ ಚಿಕ್ಕ ತೊಟ್ಟಿ, ಅದಕ್ಕೊಂದು ಕಬ್ಬಿಣದ ಮುಚ್ಚಳ. ಬೇಸಿಗೆಯಲ್ಲಿ ಆ ಮುಚ್ಚಳ ತೆಗೆದು ಕೊಡ ನೀರು ಸುರಿಯಬೇಕು. ಹಳೆಯ ಸಬ್ ಸ್ಟೇಷನ್ನುಗಳ ಸಿಬ್ಬಂದಿಗೆ ಇದು ದಿನಚರಿಯ ಕೆಲಸ.

ನೀರು ಸುರಿಯುವ ಮಾತು ಈ ಸೀಮೆಗೆ ಬೇರೆಡೆಗಿಂತ ಹೆಚ್ಚು ಅನ್ವಯಿಸುತ್ತದೆ. ಬಳ್ಳಾರಿ ಕಡೆಯ ಎರೆಮಣ್ಣು ತೇವ ಕಚ್ಚಿಕೊಂಡಿರುವ ಮಣ್ಣು. ಅದರ ತಡೆ ಕೆಲವು ಓಂ-ಮೀಟರಿನಿಂದ ಹತ್ತಾರು ಓಂ-ಮೀಟರಿನೊಳಗೆ ಇರುತ್ತದೆ. ಹಂಪಿಯ ಗುಂಡುಗಲ್ಲುಗಳ, ತೋರಣಗಲ್ಲಿನ ಬೆಟ್ಟದ ಕಣಶಿಲೆಯದು ಸಾವಿರಾರು ಓಂ-ಮೀಟರ್. ಹತ್ತು ಹದಿನೈದು ಮೈಲಿಯ ಅಂತರದಲ್ಲಿ ಒಂದು ಊರಿನ ಗುಂಡಿ ಸುಲಭವಾಗಿ ಕೆಲಸ ಮಾಡಿದರೆ, ಬಂಡೆಯ ಮೇಲೆ ಕಟ್ಟಿದ ಇನ್ನೊಂದು ಊರಿನ ಗುಂಡಿ ಅದೇ ಅಳತೆಯದ್ದಾದರೂ ಹೆಸರಿಗಷ್ಟೇ ಇರುತ್ತದೆ. ಉಪ್ಪು ಕೂಡ ಶಾಶ್ವತವಲ್ಲ. ಮಳೆ ನೀರಿನಲ್ಲಿ ಕರಗಿ ಇಳಿದುಹೋಗುತ್ತದೆ, ಹೋಗುವ ಮುಂಚೆ ಪೈಪನ್ನೂ ತಿನ್ನುತ್ತದೆ. ಹತ್ತು ಹದಿನೈದು ವರ್ಷದ ಹಳೆಯ ಗುಂಡಿಯನ್ನು ಅಗೆದರೆ ತುಕ್ಕಿನ ಪುಡಿಯಷ್ಟೇ ಸಿಗುವುದೂ ಉಂಟು.

ಹೊಲದ ಪಂಪ್‌ಸೆಟ್ಟುಗಳು ನೆಲದ ವಿಚಾರದಲ್ಲಿ ಜನಕ್ಕೆ ಇನ್ನೊಂದು ಪಾಠ ಕಲಿಸಿದವು, ಆದರೆ ತಲೆಕೆಳಗಾಗಿ. ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಒಂದೇ ಫೇಸಿನಿಂದ ತಂತಿ ಎಳೆದು, ಬಲ್ಬಿನ ಇನ್ನೊಂದು ತುದಿಯನ್ನು ನೆಲಕ್ಕೆ ಹೊಡೆದ ಕಬ್ಬಿಣದ ಸಲಾಕೆಗೆ ಕಟ್ಟಿ ತೋಟದ ಮನೆಗೆ ಬೆಳಕು ಮಾಡಿಕೊಳ್ಳುವ ಪದ್ಧತಿ ಹಳ್ಳಿಗಳಲ್ಲಿ ಹಬ್ಬಿತು. ಸ್ಟೈನ್‌ಹೈಲ್ ಕಂಡುಕೊಂಡದ್ದನ್ನೇ ರೈತರು ತಾವಾಗಿ ಕಂಡುಕೊಂಡಿದ್ದರು. ಆದರೆ ಟೆಲಿಗ್ರಾಫಿನ ಕರೆಂಟು ಬಡಕಲು, ಇದು 230 ವೋಲ್ಟಿನದು. ಸಲಾಕೆಯ ಸುತ್ತಿನ ಒದ್ದೆ ನೆಲದಲ್ಲಿ ಒಂದೊಂದು ಹೆಜ್ಜೆಗೂ ವೋಲ್ಟೇಜ್ ಬದಲಾಗುತ್ತದೆ. ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚಿರುವ ದನಕರುಗಳು ಮೊದಲು ಬಲಿಯಾಗುವುದು ಇದರಿಂದಲೇ.

ಇಂಥ ನೆಲದ ಮೇಲೆ ಕಂಪ್ಯೂಟರ್ ಬಂತು. 1984ರ ನವೆಂಬರಿನಲ್ಲಿ ಕೇಂದ್ರ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಪ್ರಕಟವಾದ ಮೇಲೆ ಬಿಡಿಭಾಗಗಳ ಆಮದು ಸಲೀಸಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿದ ಯಂತ್ರಗಳು 1990ರ ದಶಕದಲ್ಲಿ ತಾಲ್ಲೂಕು ಊರುಗಳ ಡಿಟಿಪಿ ಅಂಗಡಿ, ತರಬೇತಿ ಕೇಂದ್ರಗಳನ್ನು ಸೇರಿದವು. 1984ರ ಐಬಿಎಂ ಯಂತ್ರದ ಹೆಸರನ್ನೇ ಹೊತ್ತ 'ಎಟಿ ಕ್ಯಾಬಿನೆಟ್' ಆ ಕಾಲದ ಪೆಟ್ಟಿಗೆ. ಬೂದು ಬಿಳುಪಿನ ಬಣ್ಣ ಬಳಿದ ಉಕ್ಕಿನ ಹಾಳೆ, ಹೊತ್ತರೆ ತೋಳು ಸೋಲುವಷ್ಟು ಭಾರ, ಕೈ ಕೊಯ್ಯುವಷ್ಟು ಚೂಪಾದ ಒಳ ಅಂಚು.

ಆ ಪೆಟ್ಟಿಗೆಯಲ್ಲಿ ಇಂದಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಈಗಿನ ಕಂಪ್ಯೂಟರಿನ ಮುಂದಿನ ಗುಂಡಿ ಒತ್ತಿದರೆ ಕೆಲವೇ ವೋಲ್ಟಿನ ಸಣ್ಣ ಸೂಚನೆಯಷ್ಟೇ ಹೋಗುತ್ತದೆ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸ ಮಾಡಿದ ಬದಲಾವಣೆ ಇದು. ಅದಕ್ಕೂ ಮೊದಲಿನ ಎಟಿ ಕ್ಯಾಬಿನೆಟ್ಟಿನಲ್ಲಿ ಹಿಂದಿನ ಎಸ್‌ಎಂಪಿಎಸ್‌ನಿಂದ, ಅಂದರೆ ಕರೆಂಟು ಒದಗಿಸುವ ಡಬ್ಬಿಯಿಂದ, ಮುಂದಿನ ಸ್ವಿಚ್ಚಿನವರೆಗೆ 230 ವೋಲ್ಟಿನ ನಾಲ್ಕು ತಂತಿಗಳು ಪೆಟ್ಟಿಗೆಯೊಳಗೇ ಓಡುತ್ತಿದ್ದವು: ಕಂದು, ನೀಲಿ, ಕಪ್ಪು, ಬಿಳಿ. ಸ್ವಿಚ್ಚಿನ ಹಿಂಬದಿಯ ನಾಲ್ಕು ಕಾಲುಗಳಿಗೆ ಅವನ್ನು ಸರಿಯಾದ ಜೋಡಿಯಲ್ಲಿ ಸಿಕ್ಕಿಸಬೇಕಿತ್ತು. ಅದಲು ಬದಲಾದರೆ ಫ್ಯೂಸ್ ಹಾರುತ್ತಿತ್ತು. ಚೂಪು ಅಂಚಿಗೆ ಸಿಕ್ಕಿ ತಂತಿಯ ಮೈ ಕೊಯ್ದುಹೋದರೆ ಇಡೀ ಪೆಟ್ಟಿಗೆಗೆ ಕರೆಂಟು. ಆ ಗಳಿಗೆಯಲ್ಲಿ ಮುಟ್ಟಿದವರನ್ನು ಕಾಯುವುದು ಮೂರು ಪಿನ್ನಿನ ಪ್ಲಗ್ಗಿನಲ್ಲಿರುವ ದೊಡ್ಡ ಪಿನ್, ಅದಕ್ಕೆ ಸೇರಿದ ಹಸಿರು ತಂತಿ. 1934ರ ಬ್ರಿಟಿಷ್ ಮಾನಕದಿಂದ ನಮಗೆ ಬಂದ ಆ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ ಇರುವುದಕ್ಕೆ ಕಾರಣವಿದೆ. ಸಿಕ್ಕಿಸುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು.

2001ರ ಸುಮಾರಿಗೆ ಸರ್ಕಾರಿ ಕಂಪ್ಯೂಟರುಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಭೂಮಿ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಪಹಣಿ ಕಂಪ್ಯೂಟರಿಗೆ ಏರಿತು. ಹೊಸಪೇಟೆ, ಸಂಡೂರಿನ ತಾಲ್ಲೂಕು ಕಚೇರಿಗಳಲ್ಲೂ 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿ ಪಡೆಯುವ ಕಾಲ ಬಂತು. ಮಾಹಿತಿ ಸಿಂಧು ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಒದಗಿಸಿತು. ಎಷ್ಟೋ ಕಡೆ ಕೋಣೆಗಳು ಹಳೆಯವು, ವೈರಿಂಗ್ ಟ್ಯೂಬ್‌ಲೈಟು, ಫ್ಯಾನಿಗೆಂದು ಮಾಡಿದ್ದು. ಎರಡು ತಂತಿ ಇತ್ತು, ಮೂರನೆಯದು ಇರಲಿಲ್ಲ. ಇದ್ದರೂ ಸ್ವಿಚ್ ಬೋರ್ಡಿನ ಹಿಂದೆ ಸುಮ್ಮನೆ ಸುತ್ತಿಟ್ಟಿರುತ್ತಿತ್ತು.

"ಸರ್, ಕಂಪ್ಯೂಟರ್ ಜುಂ ಅಂತೈತ್ರಿ" ಎಂಬ ದೂರು ಇಂಥ ಕೋಣೆಗಳಿಂದಲೇ ಬಂದದ್ದು. ಬೆರಳಿನ ಹಿಂಬದಿಯಿಂದ ಕ್ಯಾಬಿನೆಟ್ಟಿನ ಬಣ್ಣ ಹೋದ ಜಾಗವನ್ನೋ ಹಿಂದಿನ ಸ್ಕ್ರೂವನ್ನೋ ಸವರಿದರೆ ಸಣ್ಣಗೆ ನಡುಗಿದಂತಾಗುತ್ತದೆ. ಟೆಸ್ಟರ್ ಇಟ್ಟರೆ ಅದರ ದೀಪ ಹತ್ತುತ್ತದೆ. ಇದನ್ನು ಸ್ಟ್ಯಾಟಿಕ್ ಎಂದು ಹೇಳಿ ಸಮಾಧಾನ ಮಾಡುವವರು ಇಂದಿಗೂ ಇದ್ದಾರೆ. ಇದು ಸ್ಟ್ಯಾಟಿಕ್ ಅಲ್ಲ. ಸ್ಥಾಯೀ ವಿದ್ಯುತ್ತು ಒಮ್ಮೆ ಚುರುಕ್ ಎಂದು ಮುಗಿಯುತ್ತದೆ, ಮತ್ತೆ ಕೂಡಿಕೊಳ್ಳುವವರೆಗೆ ಸುಮ್ಮನಿರುತ್ತದೆ. ಬಿಡದೆ ಜುಂ ಎನ್ನುವುದು ಮನೆಯ ಎಸಿ ಕರೆಂಟು.

ಅದು ಬರುವ ದಾರಿ ಎಸ್‌ಎಂಪಿಎಸ್‌ನ ಒಳಗಿದೆ. ವಿದ್ಯುತ್ ಗದ್ದಲ ಹೊರಗೆ ಹೋಗದಂತೆ ಸೋಸಲು ಫೇಸಿನಿಂದ ಪೆಟ್ಟಿಗೆಗೊಂದು, ನ್ಯೂಟ್ರಲ್‌ನಿಂದ ಪೆಟ್ಟಿಗೆಗೊಂದು ಸಣ್ಣ ಕೆಪ್ಯಾಸಿಟರ್ ಹಾಕಿರುತ್ತಾರೆ. ಪೆಟ್ಟಿಗೆಗೆ ಅರ್ಥ್ ಇದ್ದರೆ ಅವುಗಳ ಮೂಲಕ ಸೋರುವ ಕರೆಂಟು ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಆ ಎರಡು ಕೆಪ್ಯಾಸಿಟರುಗಳ ನಡುವೆ ಪೆಟ್ಟಿಗೆ ತೇಲುತ್ತ 230ರ ಅರ್ಧದಲ್ಲಿ, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಒಂದು ಯಂತ್ರದಿಂದ ಹರಿಯಬಹುದಾದದ್ದು ಕಾಲು ಮಿಲಿ ಆಂಪಿಯರ್ ಆಸುಪಾಸು, ಅಷ್ಟಕ್ಕೆ ಯಾರಿಗೂ ಏನೂ ಆಗುವುದಿಲ್ಲ. ನಿಜವಾದ ಅಪಾಯ ಇರುವುದು ಸಾಲಾಗಿ ಜೋಡಿಸಿದ ಶಾಲೆಯ ಕೋಣೆಯಲ್ಲಿ. ಬೋರ್ಡಿನಲ್ಲಿ ಎಲ್ಲ ಹಸಿರು ತಂತಿಗಳನ್ನೂ ಒಟ್ಟಿಗೆ ಸೇರಿಸಿ, ಅಲ್ಲಿಂದ ಗುಂಡಿಗೆ ಹೋಗುವ ಪಟ್ಟಿ ಮಾತ್ರ ತುಕ್ಕು ಹಿಡಿದು ತುಂಡಾಗಿದೆ ಎಂದುಕೊಳ್ಳಿ. ಆಗ 20 ಯಂತ್ರಗಳ ಸೋರಿಕೆಯೂ ಒಂದೇ ತಂತಿಯಲ್ಲಿ ಕೂಡಿ 5 ಮಿಲಿ ಆಂಪಿಯರ್ ಆಗುತ್ತದೆ, 40 ಇದ್ದರೆ 10. ಸುಮಾರು 10 ಮಿಲಿ ಆಂಪಿಯರಿಗೆ ಸ್ನಾಯು ಬಿಗಿದು ಹಿಡಿದ ಕೈ ಬಿಡಿಸಿಕೊಳ್ಳಲಾಗದ ಸ್ಥಿತಿ ಬರಬಹುದು. ಒಂದೂ ಯಂತ್ರ ಕೆಟ್ಟಿರದಿದ್ದರೂ ಹೀಗಾಗುತ್ತದೆ. ಮೊದಲೇ ಚಪ್ಪಲಿ ಬಿಡಿಸಿದ ಮಕ್ಕಳು, ಒರೆಸಿ ಇನ್ನೂ ಆರದ ನೆಲ.

ಚಿಪ್ ಉಳಿಸುವುದಕ್ಕೆ ಮಾತ್ರ ನೆಲದ ಹಂಗು ಅಷ್ಟಿಲ್ಲ. ರಿಪೇರಿ ಮಾಡುವ ಕೈಗೂ ಪೆಟ್ಟಿಗೆಗೂ ವೋಲ್ಟೇಜಿನ ವ್ಯತ್ಯಾಸ ಇಲ್ಲದಿದ್ದರೆ ಸಾಕು. ಹಳೆಯ ಮೆಕ್ಯಾನಿಕ್ಕುಗಳು ರ‍್ಯಾಮ್ ಕೀಳುವ ಮುಂಚೆ ಎಸ್‌ಎಂಪಿಎಸ್‌ನ ಬಣ್ಣವಿಲ್ಲದ ಮೈಯನ್ನು ಒಮ್ಮೆ ಮುಟ್ಟುತ್ತಿದ್ದದ್ದು ಇದಕ್ಕೇ. ಗಣಿಯವರು ಡಿಟೊನೇಟರಿನ ತುದಿಗಳನ್ನು ತಿರುವಿಡುತ್ತಿದ್ದುದರ ಹಿಂದಿನ ತರ್ಕವೂ ಇದೇ. ಮೆಕ್ಯಾನಿಕ್ಕುಗಳ ಇನ್ನೊಂದು ಅಭ್ಯಾಸ ಅಷ್ಟು ಒಳ್ಳೆಯದಲ್ಲ. ಕಂಪ್ಯೂಟರ್ ಆನ್ ಆಗದಿದ್ದರೆ ರ‍್ಯಾಮ್ ತೆಗೆದು ಅದರ ಚಿನ್ನದ ಲೇಪದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮೆಲ್ಲ ಊರುಗಳ ರಿಪೇರಿ ಅಂಗಡಿಗಳಲ್ಲಿ ಕಾಣುವ ಕೆಲಸ. ಕೊಳೆ ಹೋಗುತ್ತದೆ ನಿಜ, ಎಷ್ಟೋ ಸಲ ಯಂತ್ರ ಮತ್ತೆ ನಡೆಯುತ್ತದೆ. ಆದರೆ ಒಣ ಹವೆಯಲ್ಲಿ ರಬ್ಬರನ್ನು ಉಜ್ಜುವುದೆಂದರೆ ಚಾರ್ಜ್ ಹುಟ್ಟಿಸುವುದು. ಪೆಟ್ಟಿಗೆಯ ಲೋಹಕ್ಕೆ ಒಂದು ಕೈ ತಾಗಿಸಿಕೊಂಡು ಉಜ್ಜಿದರೆ ಅಪಾಯ ಬಹಳ ಕಡಿಮೆ.

ಪೆಟ್ಟಿಗೆ ಉಕ್ಕಿನದಾದರೆ ಇದೆಲ್ಲ ಸುಲಭ. ಮದರ್‌ಬೋರ್ಡಿನ ಮೂಲೆಗಳ ತೂತುಗಳ ಸುತ್ತ ಹೊಳೆಯುವ ಲೋಹದ ಉಂಗುರ ಇರುತ್ತದೆ. ಸ್ಕ್ರೂ ಬಿಗಿದಾಗ ಅದು ಹಿತ್ತಾಳೆಯ ಪುಟ್ಟ ಕಂಬದ ಮೂಲಕ ಪೆಟ್ಟಿಗೆಗೆ, ಪೆಟ್ಟಿಗೆ ಎಸ್‌ಎಂಪಿಎಸ್‌ನ ಮೈಗೆ, ಅದು ಹಸಿರು ತಂತಿಗೆ ಸೇರುತ್ತದೆ. ಸರಪಳಿಯಲ್ಲಿ ಎಲ್ಲೂ ಬಣ್ಣ ಅಡ್ಡ ಬರಬಾರದು, ಅಷ್ಟೇ. ಪೆಟ್ಟಿಗೆಗಳಿಗೆ ಬಳಸುವುದು ಸತುವಿನ ಲೇಪವಿರುವ ಕೋಲ್ಡ್ ರೋಲ್ಡ್ ಉಕ್ಕಿನ ಹಾಳೆ. ಆ ಜಾತಿಯ ಹಾಳೆಗಳು ಕುರೆಕುಪ್ಪದ ಮಗ್ಗುಲಲ್ಲೇ ತಯಾರಾಗುತ್ತವೆ. ವಿಜಯನಗರ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರು. ಸರ್ಕಾರಿ ಕಾರ್ಖಾನೆ ಏಳಲಿಲ್ಲ. 1994ರಲ್ಲಿ ಹುಟ್ಟಿದ ಜಿಂದಾಲ್ ವಿಜಯನಗರ ಸ್ಟೀಲ್ ತೋರಣಗಲ್ಲಿನಲ್ಲಿ ಕಾರ್ಖಾನೆ ಕಟ್ಟಿತು. ಹಳ್ಳಿಯಾಗಿದ್ದ ಕುರೆಕುಪ್ಪ ಇಂದು ಪುರಸಭೆ ಇರುವ ಊರಾಗಿ ಬೆಳೆದದ್ದರ ಹಿಂದೆ ಈ ಉಕ್ಕಿದೆ.

ಬೇರೆ ವಸ್ತುಗಳನ್ನು ಜಗತ್ತು ಪ್ರಯೋಗ ಮಾಡದೆ ಇರಲಿಲ್ಲ. 1977ರ ಆಪಲ್ 2 ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಂದು ಕಂಪ್ಯೂಟರನ್ನು ಮನೆಯ ವಸ್ತುವನ್ನಾಗಿ ಮಾಡಿತು. ಆದರೆ ಪ್ಲಾಸ್ಟಿಕ್ ರೇಡಿಯೋ ಗದ್ದಲವನ್ನು ತಡೆಯುವುದಿಲ್ಲ, ಚಾರ್ಜನ್ನು ಹರಿಯಗೊಡುವುದೂ ಇಲ್ಲ. 1980ರ ಆಪಲ್ 3 ಅದಕ್ಕೆ ವಿರುದ್ಧ ದಿಕ್ಕಿಗೆ ಹೋಗಿ ಎರಕದ ಅಲ್ಯೂಮಿನಿಯಂ ತಳ ಹಾಕಿಸಿಕೊಂಡಿತು, ಫ್ಯಾನ್ ಬೇಡವೆಂದಿತು. ಕಾವಿಗೆ ಚಿಪ್‌ಗಳು ಸಾಕೆಟ್ಟಿನಿಂದ ಸಡಿಲಗೊಂಡವು. ಯಂತ್ರವನ್ನು ಕೆಲವು ಅಂಗುಲ ಎತ್ತಿ ಮೇಜಿನ ಮೇಲೆ ಬಿಡಿ, ಚಿಪ್ ಮತ್ತೆ ಕೂರುತ್ತದೆ ಎಂಬ ಸಲಹೆ ಬಳಕೆದಾರರಿಗೆ ಹೋಯಿತು. 1982ರ ಕಮೊಡೋರ್ 64 ಅಗ್ಗದ ದಾರಿ ಹಿಡಿದು, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಲೋಹದ ಹಾಳೆ ಅಂಟಿಸಿದ ರಟ್ಟನ್ನು ಇಟ್ಟಿತು. ಅಲ್ಲಿಂದೀಚೆಗೆ ಬಣ್ಣ ಹಾಕಿಸಿಕೊಂಡ ಅಲ್ಯೂಮಿನಿಯಂ ಬಂತು. ಅನೋಡೈಸ್ ಮಾಡಿದ ಅಲ್ಯೂಮಿನಿಯಂ ನೋಡಲು ಲೋಹ, ಆದರೆ ಅದರ ಮೇಲ್ಪದರ ಕರೆಂಟು ಹರಿಯಲು ಬಿಡದ ಆಕ್ಸೈಡ್. ಸ್ಕ್ರೂ ಕೂರುವ ಜಾಗವನ್ನು ಕೆರೆಯದಿದ್ದರೆ ಒಂದು ಹಾಳೆಗೂ ಇನ್ನೊಂದಕ್ಕೂ ಸಂಪರ್ಕವೇ ಇರುವುದಿಲ್ಲ. ಈಗ ಹುಡುಗರು ಇಷ್ಟಪಡುವ ಗಾಜು ಮತ್ತು ಅಕ್ರಿಲಿಕ್ ಬದಿಗಳು ಒಣ ಬಟ್ಟೆಯಿಂದ ಒರೆಸಿದಷ್ಟೂ ಚಾರ್ಜ್ ಆಗಿ ಕೆಂಪು ಧೂಳನ್ನು ತಮ್ಮತ್ತ ಎಳೆಯುತ್ತವೆ. ಒದ್ದೆ ಬಟ್ಟೆ ಅವಕ್ಕೆ ಸರಿ. 2022ರಲ್ಲಿ ಬಂದ ಫ್ರ್ಯಾಕ್ಟಲ್ ನಾರ್ತ್ ಎಂಬ ಕ್ಯಾಬಿನೆಟ್ಟಿನ ಮುಖ ಮರದ್ದು, ಹಂದರ ಮಾತ್ರ ಉಕ್ಕಿನದೇ.

ಲ್ಯಾಪ್‌ಟಾಪ್ ಬಂದ ಮೇಲೆ ಈ ಮಾತು ಹಳತಾಯಿತು ಎನ್ನುವಂತಿಲ್ಲ. ಎರಡು ಪಿನ್ನಿನ ಚಾರ್ಜರ್ ಹಾಕಿದ ಲೋಹದ ಮೈಯ ಲ್ಯಾಪ್‌ಟಾಪನ್ನು ಸವರಿದರೆ ಅದೇ ಜುಂ. ಅಲ್ಲಿ ಎರಡು ಪದರದ ನಿರೋಧಕ ಇರುವುದರಿಂದ ಅಪಾಯವಿಲ್ಲ. ಡೆಸ್ಕ್‌ಟಾಪ್, ಫ್ರಿಜ್, ವಾಷಿಂಗ್ ಮಷಿನ್, ಗೀಸರ್‌ಗಳ ವಿಷಯ ಹಾಗಲ್ಲ. ಅವುಗಳ ಲೋಹದ ಮೈ ಮೂರನೇ ತಂತಿಯನ್ನು ನಂಬಿಕೊಂಡೇ ತಯಾರಾದದ್ದು.

ಆ ನಂಬಿಕೆಗೆ ದ್ರೋಹವಾಗುವ ಎರಡು ಅಭ್ಯಾಸಗಳನ್ನು ಈಗಲಾದರೂ ನಿಲ್ಲಿಸಬೇಕು. ಮೊದಲನೆಯದು, ಜುಂ ಎನ್ನುವುದನ್ನು ತಪ್ಪಿಸಲು ಸಾಕೆಟ್ಟಿನ ಅರ್ಥ್ ತೂತನ್ನು ಒಳಗಿನಿಂದ ನ್ಯೂಟ್ರಲ್ಲಿಗೆ ಸೇರಿಸಿಬಿಡುವುದು. ಜುಂ ನಿಲ್ಲುತ್ತದೆ, ಮನೆಯವರು ಖುಷಿಯಾಗುತ್ತಾರೆ. ಮುಂದೊಂದು ದಿನ ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಆ ಮನೆಯ ಪ್ರತಿ ಲೋಹದ ಪೆಟ್ಟಿಗೆಗೂ 230 ವೋಲ್ಟ್ ಬಂದು ಕೂರುತ್ತದೆ. ಎರಡನೆಯದು, ಗುಂಡಿ ಇದೆ ಎಂದಷ್ಟೇ ತೃಪ್ತಿಪಡುವುದು. ಬಂಡೆಯ ನೆಲದಲ್ಲಿ ಗುಂಡಿಯದೂ ಟ್ರಾನ್ಸ್‌ಫಾರ್ಮರಿನದೂ ಸೇರಿ 25 ಓಂ ತಡೆ ಇದ್ದರೆ, ಫೇಸ್ ನೇರವಾಗಿ ಪೆಟ್ಟಿಗೆಗೆ ತಾಗಿದರೂ ನೆಲಕ್ಕೆ ಹರಿಯುವುದು 9 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ, ಪೆಟ್ಟಿಗೆಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಅದಕ್ಕಾಗಿಯೇ 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಗುಂಡಿಯ ಜೊತೆಗೆ ಬೇಕೇ ಬೇಕು.

ಕುರೆಕುಪ್ಪ, ತೋರಣಗಲ್ಲು, ಸಂಡೂರು, ಕಂಪ್ಲಿ, ಹೊಸಪೇಟೆಯ ಶಾಲೆಗಳ ಎಸ್‌ಡಿಎಂಸಿ ಸದಸ್ಯರಿಗೆ ಹೇಳಬೇಕಾದ ಮಾತು ಇಷ್ಟು. ಚಪ್ಪಲಿ ಬಿಡಿಸುವ ನಿಯಮ ಇರಲಿ, ಧೂಳು ಇನ್ನೂ ಹೋಗಿಲ್ಲ. ಅದರ ಜೊತೆಗೆ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ, ನೆಲ ಒಣಗಿರುವಾಗಲೇ, ಪರವಾನಗಿ ಇರುವ ಗುತ್ತಿಗೆದಾರರನ್ನು ಕರೆಸಿ ಅರ್ಥ್ ಟೆಸ್ಟರಿನಿಂದ ಗುಂಡಿಯ ತಡೆಯನ್ನು ಅಳೆಸಿ. ಬಂದ ಸಂಖ್ಯೆಯನ್ನು ತಾರೀಖಿನ ಸಮೇತ ಕಂಪ್ಯೂಟರ್ ಕೋಣೆಯ ಗೋಡೆಯ ಮೇಲೆ ಬರೆಸಿ. ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ, ಇದ್ದರೆ ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಮಕ್ಕಳು "ಜುಂ ಅಂತೈತ್ರಿ" ಎಂದು ಹೇಳಿದ ದಿನ ಆ ಕೋಣೆಯ ಮೇನ್ ಆಫ್ ಮಾಡಿಸಿ, ಅರ್ಥ್ ಸರಿಯಾದ ಮೇಲೆಯೇ ಮತ್ತೆ ತೆರೆಯಿರಿ.